ಸತ್ಯಾಂಶ: ಅನುಪಲ್ಲವಿ ಇಲ್ಲದಿದ್ದರೆ ರಚನೆ ಅಪೂರ್ಣವೇ?

ಕರ್ನಾಟಕ ಸಂಗೀತದಲ್ಲಿ ಪಲ್ಲವಿ (ಮತ್ತೆ ಮತ್ತೆ ಮರಳುವ ಮೊದಲ ಭಾಗ), ಅನುಪಲ್ಲವಿ (ಅದರ ನಂತರದ ಭಾಗ), ಚರಣ (ಆಮೇಲಿನ ನುಡಿ) ಮೂರೂ ಇದ್ದರೆ ಮಾತ್ರ ಅದು ಶಾಸ್ತ್ರೀಯ ರಚನೆ, ಒಂದು ಕಡಿಮೆಯಾದರೂ ಸಾಹಿತ್ಯ ಕಳೆದುಹೋಗಿದೆ ಎಂಬರ್ಥದ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ಸರಿಯಲ್ಲ. ಪಾಠದಲ್ಲಿ ಮೊದಲು ಕಲಿಸುವ ರಚನೆಗಳೇ ಇಂಥ ವಿಭಾಗಗಳಿಲ್ಲದ ಗೀತೆಗಳು. ಮಲಹರಿ ರಾಗದ ‘ಶ್ರೀ ಗಣನಾಥ’ ಅದಕ್ಕೆ ಸಾಕ್ಷಿ. ಮುತ್ತುಸ್ವಾಮಿ ದೀಕ್ಷಿತರ ಹಲವು ಕೃತಿಗಳಲ್ಲಿ ಪಲ್ಲವಿಯ ನಂತರ ನೇರವಾಗಿ ಸಮಷ್ಟಿ ಚರಣ (ಅನುಪಲ್ಲವಿ, ಚರಣ ಎರಡರ ಬದಲಿಗೆ ಇರುವ ಒಂದೇ ಭಾಗ) ಬರುತ್ತದೆ. ತ್ಯಾಗರಾಜರ ದಿವ್ಯನಾಮ ಕೀರ್ತನೆಗಳಲ್ಲಿ (ಭಜನೆಯಂಥ ಸರಳ ಹಾಡುಗಳಲ್ಲಿ) ಸಾಮಾನ್ಯವಾಗಿ ಪಲ್ಲವಿ, ಚರಣಗಳಷ್ಟೇ. ಸ್ವರಗಳಿಂದಲೇ ಕಟ್ಟಿದ ಜತಿಸ್ವರಕ್ಕಂತೂ ಸಾಹಿತ್ಯವೇ ಇಲ್ಲ. ಹಾಗೆಂದು ಇವು ಯಾವುವೂ ಅರೆಬರೆಯಲ್ಲ.

ಕೃತಿ ಕಲಿತವರಿಗೆ ಮೂರು ಭಾಗಗಳೇ ರೂಢಿಯಾಗಿರುವುದರಿಂದ ಈ ಗೊಂದಲ ಸಹಜ.

ನೀವೇ ಪರೀಕ್ಷಿಸಬಹುದು. ಸ್ವರಲಿಪಿಯ ಪುಸ್ತಕ ತೆರೆದು ಭಾಗಗಳ ಶೀರ್ಷಿಕೆಗಳನ್ನು ನೋಡಿ. ಆಮೇಲೆ ತಾಳ ಹಾಕುತ್ತಾ ಕೇಳಿ, ಗಾಯಕರು ಯಾವ ಸಾಲಿಗೆ ಮರಳುತ್ತಾರೆಂದು ಗುರುತು ಮಾಡಿಕೊಳ್ಳಿ. ಮೋಹನ ರಾಗದ ‘ನಿನ್ನುಕೋರಿ’ ವರ್ಣ (ಅಭ್ಯಾಸಕ್ಕೆ ಕಲಿಸುವ ಒಂದು ಬಗೆಯ ರಚನೆ) ಒಳ್ಳೆಯ ಅಭ್ಯಾಸ: ಅನುಪಲ್ಲವಿಯ ನಂತರದ ಮುಕ್ತಾಯಿ ಸ್ವರ ಮುಗಿದಾಗ ಪಲ್ಲವಿಗೆ ಮರಳುತ್ತಾರೆ, ಆದರೆ ಚರಣದ ಜೊತೆ ಬರುವ ಪ್ರತಿ ಎತ್ತುಗಡೆ ಸ್ವರದ ನಂತರ ಚರಣದ ಸಾಲಿಗೆ. ಹಾಡು ಎಲ್ಲಿಗೆ ಮರಳುತ್ತದೆ ಎಂಬುದೇ ಅದರ ಕಟ್ಟಡವನ್ನು ತೋರಿಸುತ್ತದೆ. ಒಂದೇ ಧ್ವನಿಮುದ್ರಿಕೆ ನಂಬಬೇಡಿ. ಕಛೇರಿಯಲ್ಲಿ ಸಮಯ ಸಾಲದೆ ಚರಣಗಳನ್ನು ಬಿಡುವುದುಂಟು.