ಮನೆಗೊಂದೇ ಕಾರು: ಪುಟ್ಟ ಎಸ್‌ಯುವಿಯೇ ಆಗಬೇಕಾ?

ಬಜೆಟ್ ಹತ್ತು ಲಕ್ಷದ ಆಸುಪಾಸು. ಆಫೀಸಿಗೂ ಅದೇ ಕಾರು, ಹಬ್ಬಕ್ಕೆ ಊರಿಗೂ ಅದೇ, ಧರ್ಮಸ್ಥಳಕ್ಕೂ ಅದೇ. ಪಂಚ್, ನೆಕ್ಸಾನ್, ಬ್ರೆಝಾ, ವೆನ್ಯೂ, ಸೋನೆಟ್, ಕೈಲಾಕ್ ಥರದ ನಾಲ್ಕು ಮೀಟರ್ ಒಳಗಿನ ಎಸ್‌ಯುವಿ ತಗೊಳ್ಳಬೇಕಾ? ಇಲ್ಲ, ಸ್ವಿಫ್ಟ್, ಬಲೆನೊ, ಡಿಜೈರ್ ಥರದ ಮಾಮೂಲಿ ಕಾರೇ ಸಾಕಾ? ಒಂದೇ ಮನೆಯ ಇಬ್ಬರು ಎರಡು ಉತ್ತರ ಕೊಟ್ಟಿದ್ದಾರೆ. ಪರ ಬರೆದವರು ಅತ್ತಿಗೆ, ವಿರೋಧ ಬರೆದದ್ದು ಅವರ ಮೈದುನ.

ಪರ: ನಮ್ಮ ರಸ್ತೆಗೆ ಎತ್ತರದ ಗಾಡಿಯೇ ಸರಿ

ರಸ್ತೆ ಹೇಗಿರಬೇಕು ಎಂಬ ಮಾನದಂಡ ಬರೆಯುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ ರೋಡ್ ಹಂಪ್‌ಗೆ ಒಂದು ಅಳತೆ ಕೊಟ್ಟಿದೆ. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಂದರೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ದಿಬ್ಬ. ಅಂಥ ಹಂಪ್ ನಿಮ್ಮ ಊರಲ್ಲಿ ಎಷ್ಟಿವೆ ಹೇಳಿ? ಶಾಲೆ ಮುಂದೆ ಒಂದು ಅಪಘಾತ ಆದರೆ ಮರುದಿನವೇ ಊರವರು ಜಲ್ಲಿ, ಟಾರು ಸುರಿದು ಎಬ್ಬಿಸುತ್ತಾರಲ್ಲ, ನಮಗೆ ಸಿಗೋದು ಆ ಥರದ್ದು. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಐದು ಜನ ಕೂತ ಸ್ವಿಫ್ಟ್‌ನಲ್ಲಿ ಅದನ್ನು ದಾಟಿ ನೋಡಿ. ತಳದಿಂದ ಕರ್ರ್ ಎಂದು ಬರುವ ಸದ್ದಿಗೆ ಕಾರಲ್ಲಿದ್ದವರೆಲ್ಲ ಒಟ್ಟಿಗೆ ಹಲ್ಲು ಕಚ್ಚುತ್ತಾರೆ.

ಸ್ವಿಫ್ಟ್, ಡಿಜೈರ್‌ಗಳ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ತಳಕ್ಕಿರುವ ಎತ್ತರ, 163 ಮಿಲಿಮೀಟರ್. 2021ರಲ್ಲಿ ಬಂದ ಪಂಚ್‌ದು 187, ಬ್ರೆಝಾದ್ದು 198, ನೆಕ್ಸಾನ್‌ದು 208. ಕಾಗದದ ಮೇಲೆ ನಾಲ್ಕೂವರೆ ಸೆಂಟಿಮೀಟರ್ ಏನು ಮಹಾ ಅನಿಸಬಹುದು. ಆದರೆ ಹಬ್ಬಕ್ಕೆ ಹೊರಟಾಗ ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಬರುವಾಗ ತೆಂಗಿನಕಾಯಿ. ಗಾಡಿ ಹಿಂದೆ ಕುಸಿಯುತ್ತದೆ. ಇದ್ದ ಎತ್ತರದಲ್ಲಿ ಒಂದಷ್ಟು ಅಲ್ಲೇ ಹೋಗುತ್ತದೆ. ಉಳಿದದ್ದರಲ್ಲಿ ಹಂಪ್ ದಾಟಬೇಕು. ಆಗ ಆ ನಾಲ್ಕೂವರೆ ಸೆಂಟಿಮೀಟರ್ ಬೆಲೆ ಗೊತ್ತಾಗುತ್ತದೆ.

ಇನ್ನು ಮಂಡಿ. ಕಾರಿನ ಬಗ್ಗೆ ಮಾತಾಡುವ ಗಂಡಸರು ಬಿಎಚ್‌ಪಿ ಹೇಳುತ್ತಾರೆ, ಟಾರ್ಕ್ ಹೇಳುತ್ತಾರೆ, ಮಂಡಿಯ ಸುದ್ದಿ ಮಾತ್ರ ಎತ್ತುವುದಿಲ್ಲ. ನಮ್ಮ ಅತ್ತೆಗೆ ಎರಡೂ ಮಂಡಿ ನೋವು. ತಗ್ಗಿನ ಕಾರು ಹತ್ತುವಾಗ ಮೊದಲು ತಲೆ ಬಗ್ಗಿಸುತ್ತಾರೆ, ಸೆರಗು ಸರಿ ಮಾಡಿಕೊಳ್ಳುತ್ತಾರೆ, ಬಾಗಿಲು ಹಿಡಿದುಕೊಂಡು ಕೊನೆಗೆ ಧೊಪ್ಪನೆ ಕೂರುತ್ತಾರೆ. ಇಳಿಯುವಾಗ ಇನ್ನೊಬ್ಬರು ಕೈ ಕೊಡಲೇಬೇಕು. ನೆಕ್ಸಾನ್‌ನಲ್ಲಾದರೆ ಸೀಟು ಸೊಂಟದ ಹತ್ತಿರಕ್ಕೇ ಬರುತ್ತದೆ. ಬೆನ್ನು ತಿರುಗಿಸಿ ಒರಗಿದರೆ ಕೂತ ಹಾಗೆಯೇ. ಪಂಚ್‌ನ ಬಾಗಿಲು ಪೂರ್ತಿ 90 ಡಿಗ್ರಿ ತೆರೆಯುತ್ತದೆ, ಕಾಲು ಒಳಗೆ ಎಳೆದುಕೊಳ್ಳಲು ಜಾಗ ಜಾಸ್ತಿ. ವಯಸ್ಸಾದವರಿರುವ ಮನೆಯಲ್ಲಿ ಬೇರೆ ಕಾರಣವೇ ಬೇಡ, ಇದೊಂದು ಸಾಕು ಅಂತ ನನಗನಿಸುತ್ತದೆ.

'ಎಸ್‌ಯುವಿ ಅಂದ್ರೆ ದೊಡ್ಡದು, ನಮ್ಮ ಗಲ್ಲಿಗೆ ಆಗಲ್ಲ' ಅನ್ನುವವರು ಟೇಪ್ ಹಿಡಿದು ಅಳೆಯಲಿ. 2021ರಲ್ಲಿ ಬಂದ ಪಂಚ್ ಉದ್ದ 3,827 ಮಿಲಿಮೀಟರ್, ಸ್ವಿಫ್ಟ್ 3,860. ಎಸ್‌ಯುವಿಯೇ ಗಿಡ್ಡ! ಈ ನಾಲ್ಕು ಮೀಟರ್ ಗೆರೆ ಸುಮ್ನೆ ಬಂದದ್ದಲ್ಲ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರಿಗೆ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ದಾಟಬಾರದು ಎಂಬ ಷರತ್ತು. ಕಂಪನಿಗಳು ಆ ಗೆರೆಯೊಳಗೇ ಗಾಡಿ ಕೂರಿಸಲು ಕಲಿತವು. 2013ರಲ್ಲಿ ಇಕೋಸ್ಪೋರ್ಟ್ ಬಂತು, 2016ರಲ್ಲಿ ವಿಟಾರಾ ಬ್ರೆಝಾ, 2017ರಲ್ಲಿ ನೆಕ್ಸಾನ್. ಆಮೇಲೆ ಸಾಲುಸಾಲು. 2025ರ ಸೆಪ್ಟೆಂಬರ್ 22ರಿಂದ ಈ ಗೆರೆಯೊಳಗಿನ ಕಾರಿಗೆ ಜಿಎಸ್‌ಟಿ ಶೇ. 18, ಹೊರಗಿನದ್ದಕ್ಕೆ ಶೇ. 40. ಅಂದರೆ ಸ್ವಿಫ್ಟ್‌ಗೆ ಎಷ್ಟು ತೆರಿಗೆಯೋ ಪಂಚ್‌ಗೂ ಅಷ್ಟೇ, ನೆಕ್ಸಾನ್‌ಗೂ ಅಷ್ಟೇ. ಸರ್ಕಾರವೇ ಸಣ್ಣ ಕಾರು ಅಂತ ಒಪ್ಪಿಕೊಂಡಿರುವಾಗ ಶೋಕಿ ಗಾಡಿ ಅನ್ನೋದು ಯಾಕೆ?

ವರ್ಷಕ್ಕೆ ಜಾಸ್ತಿ ಓಡಿಸುವವರಿಗೆ ಇನ್ನೊಂದು ಲಾಭ ಇದೆ. ಹ್ಯಾಚ್‌ಬ್ಯಾಕ್‌ನಲ್ಲಿ, ಅಂದರೆ ಸ್ವಿಫ್ಟ್ ಥರ ಹಿಂದೆ ಡಿಕ್ಕಿ ಚಾಚಿಕೊಳ್ಳದ ಕಾರಿನಲ್ಲಿ, ಈಗ ಡೀಸೆಲ್ ಉಳಿದಿರುವುದು ಆಲ್ಟ್ರೋಜ್‌ನಲ್ಲಿ ಒಂದೇ. ಪುಟ್ಟ ಎಸ್‌ಯುವಿಗಳಲ್ಲಿ ನೆಕ್ಸಾನ್, ವೆನ್ಯೂ, ಸೋನೆಟ್, ಎಕ್ಸ್‌ಯುವಿ 3ಎಕ್ಸ್‌ಒ ಎಲ್ಲದರಲ್ಲೂ ಒಂದೂವರೆ ಲೀಟರ್ ಡೀಸೆಲ್ ಸಿಗುತ್ತದೆ. ತುಂಬಿದ ಗಾಡಿಯಲ್ಲಿ ಶಿರಾಡಿ ಹತ್ತುವಾಗ ಲಾರಿ ಹಿಂದೆ ಸಿಕ್ಕಿಕೊಂಡು, ಎರಡನೇ ಗೇರ್‌ನಲ್ಲಿ ನಿಂತ ಹಾಗೆ ಹೋಗಿ, ಮತ್ತೆ ಎಳೆಯಬೇಕಾದಾಗ ಡೀಸೆಲ್ ಬೇರೆಯೇ.

ಸುರಕ್ಷತೆಯ ಬಗ್ಗೆ ಒಂದೇ ಮಾತು. ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರು ಈ ಗುಂಪಿನದೇ: 2018ರ ಡಿಸೆಂಬರ್‌ನಲ್ಲಿ ನೆಕ್ಸಾನ್. ಅಲ್ಲಿಯವರೆಗೆ ನಾವು ಕಾರು ಕೊಳ್ಳುವಾಗ ಸ್ಟಾರ್ ಎಷ್ಟು ಅಂತ ಕೇಳುತ್ತಿದ್ದೆವಾ?

ಇವು ಕಾಡು ಮೇಡು ನುಗ್ಗುವ ಗಾಡಿಗಳಲ್ಲ, ಗೊತ್ತು. ನನಗೆ ಕಾಡಿಗೆ ಹೋಗಬೇಕಾಗಿಯೂ ಇಲ್ಲ. ನನಗೆ ಬೇಕಾದದ್ದು ಮಳೆಗಾಲದಲ್ಲಿ ತವರಿನ ಗದ್ದೆ ಪಕ್ಕದ ಮಣ್ಣು ದಾರಿ ದಾಟಿ ಅಂಗಳದ ತನಕ ಹೋಗುವ ಕಾರು. 2024ರಲ್ಲಿ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಪಂಚ್. ಅಷ್ಟು ಜನರ ತವರಿನ ದಾರಿಯೂ ನಮ್ಮದರ ಹಾಗೆಯೇ ಇರಬೇಕು.

ವಿರೋಧ: ಎತ್ತರಕ್ಕೆ ಸುರಿಯುವ ದುಡ್ಡಲ್ಲಿ ಒಳ್ಳೇ ಕಾರೇ ಬರುತ್ತದೆ

ಅಮ್ಮನ ಮಂಡಿಯನ್ನು ಮುಂದಿಟ್ಟ ಮೇಲೆ ಅತ್ತಿಗೆಗೆ ಎದುರಾಡುವುದು ಕಷ್ಟ. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ. ಪಂಚ್ ಎತ್ತರ 1,615 ಮಿಲಿಮೀಟರ್. ವ್ಯಾಗನ್ ಆರ್ ಎತ್ತರ 1,675. ಅತ್ತಿಗೆ ಟೇಪ್ ಹಿಡಿಯಿರಿ ಅಂದರಲ್ಲ, ಇಲ್ಲೂ ಹಿಡಿಯಲಿ! ಒರಗಿ ಕೂರುವಂಥ ಸೀಟು, ತಲೆ ಬಗ್ಗಿಸಬೇಕಾಗದ ಬಾಗಿಲು, ಎರಡೂ ವ್ಯಾಗನ್ ಆರ್‌ನಲ್ಲಿ ಈ ಪುಟ್ಟ ಎಸ್‌ಯುವಿಗಳು ಬರುವ ಮೊದಲಿನಿಂದಲೂ ಇವೆ. 90 ಡಿಗ್ರಿ ತೆರೆಯುವ ಬಾಗಿಲು ಬೇಕಾದರೆ ಆಲ್ಟ್ರೋಜ್ ಹ್ಯಾಚ್‌ಬ್ಯಾಕ್‌ನಲ್ಲೂ ಉಂಟು. ಮಂಡಿಗೆ ಬೇಕಾದದ್ದು ಸೀಟಿನ ಎತ್ತರ. ಬಾನೆಟ್ ಎಷ್ಟು ಉಬ್ಬಿದೆ, ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್ ಎಷ್ಟು ಅಗಲ ಇದೆ ಎಂಬುದು ಮಂಡಿಗೆ ಗೊತ್ತಾಗುವುದಿಲ್ಲ.

ಇವುಗಳಲ್ಲಿ ಹೆಚ್ಚಿನವು ಹ್ಯಾಚ್‌ಬ್ಯಾಕ್‌ನ ಹಾಗೆಯೇ ಮುಂದಿನ ಚಕ್ರ ಎಳೆಯುವ ಗಾಡಿಗಳು. ನಾಲ್ಕು ಮೀಟರ್ ಒಳಗೆ ನಾಲ್ಕೂ ಚಕ್ರ ಎಳೆಯುವ ನಿಜವಾದ ಫೋರ್ ವೀಲ್ ಡ್ರೈವ್ ಬೇಕಾದರೆ ಜಿಮ್ನಿ, ಮೂರು ಬಾಗಿಲಿನ ಥಾರ್ ಇವೆ. ಅವು ಬೇರೆಯೇ ಕಥೆ, ಬೇರೆಯೇ ಬೆಲೆ. ನೆಕ್ಸಾನ್ ಇದ್ದವರೂ ಕೊಡಚಾದ್ರಿ ಹತ್ತಲು ಕೆಳಗೆ ಕಾರು ನಿಲ್ಲಿಸಿ ಜೀಪಿಗೆ ದುಡ್ಡು ಕೊಡುತ್ತಾರೆ, ಸ್ವಿಫ್ಟ್ ಇದ್ದವರೂ ಅಷ್ಟೇ.

ನನ್ನ ನಿಜವಾದ ತಕರಾರು ದುಡ್ಡಿನದು. ಸ್ವಿಫ್ಟ್ ಬೆಲೆ ಸುಮಾರು ಆರು ಲಕ್ಷದಿಂದ ಶುರು, ನೆಕ್ಸಾನ್ ಏಳೂಕಾಲು ಏಳೂವರೆಯಿಂದ. ಅಂದರೆ ಒಂಬತ್ತು ಲಕ್ಷಕ್ಕೆ ಹ್ಯಾಚ್‌ಬ್ಯಾಕ್‌ನಲ್ಲಿ ಟಾಪ್ ಎಂಡ್ ಹತ್ತಿರದ ಗಾಡಿ ಬರುತ್ತದೆ, ಎಸ್‌ಯುವಿಯಲ್ಲಿ ಕೆಳಗಿನ ವೇರಿಯಂಟ್. ಶೋರೂಮ್‌ನಲ್ಲಿ ಆಗುವುದು ನೋಡಿ. ಟೆಸ್ಟ್ ಡ್ರೈವ್‌ಗೆ ಕೊಡುವುದು ಟರ್ಬೊ ಎಂಜಿನ್‌ನ (ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಎಂಜಿನ್) ಟಾಪ್ ಎಂಡ್. ನಾವು ಬುಕ್ ಮಾಡುವುದು ಟರ್ಬೊ ಇಲ್ಲದ್ದು. ಹೆಸರು ಒಂದೇ, ಮುಖ ಒಂದೇ, ಒಳಗಿನ ಎಂಜಿನ್ ಬೇರೆ. ಇದೇ ಗುಂಪಿನ ನಿಸಾನ್ ಮ್ಯಾಗ್ನೈಟ್ ತಗೊಳ್ಳಿ: ಟರ್ಬೊ ಇದ್ದರೆ ಎಂಜಿನ್ ಶಕ್ತಿ 100 ಪಿಎಸ್, ಟರ್ಬೊ ಇಲ್ಲದ ಒಂದು ಲೀಟರ್ ಎಂಜಿನ್‌ದು 72 ಪಿಎಸ್. ಅದರಲ್ಲಿ ಐದು ಜನ ಕೂತು ಎಸಿ ಹಾಕಿ ಘಾಟಿ ಹತ್ತಿದರೆ ಅರ್ಧ ದಾರಿಗೆ ಯಾರಾದರೂ ಎಸಿ ಆಫ್ ಮಾಡು ಅಂತಾರೆ. ಅತ್ತಿಗೆ ಹೊಗಳಿದ ಡೀಸೆಲ್ ನಿಜಕ್ಕೂ ಚೆನ್ನಾಗಿದೆ. ಆದರೆ ಒಂದು ಉಪಯೋಗಕ್ಕೆ ಬರುವ ಡೀಸೆಲ್ ವೇರಿಯಂಟ್‌ನ ಆನ್‌ರೋಡ್ ಬೆಲೆ (ರಸ್ತೆ ತೆರಿಗೆ, ವಿಮೆ ಎಲ್ಲ ಸೇರಿದ ಬೆಲೆ) ಕೇಳಿ ನೋಡಿ, ನಮ್ಮ ಹತ್ತು ಲಕ್ಷ ಎಲ್ಲೋ ಹಿಂದೆ ಉಳಿದಿರುತ್ತದೆ.

ಹತ್ತು ಲಕ್ಷ ಅಂದಾಗ ಕರ್ನಾಟಕದವರು ಒಂದು ಲೆಕ್ಕ ಹಾಕಲೇಬೇಕು. ನಮ್ಮಲ್ಲಿ ಜೀವಿತಾವಧಿ ರಸ್ತೆ ತೆರಿಗೆ ಕಾರಿನ ಬೆಲೆಯ ಮೇಲೆ. ಐದರಿಂದ ಹತ್ತು ಲಕ್ಷದವರೆಗೆ ಶೇ. 14, ಹತ್ತು ದಾಟಿದರೆ ಶೇ. 17. ಸೆಸ್ ಬೇರೆ. ಈಗ 9.90 ಲಕ್ಷದ ಒಂದು ವೇರಿಯಂಟ್ ಇದೆ, ಸನ್‌ರೂಫ್ ಇರುವ ಅದರ ಮೇಲಿನದ್ದು 10.10 ಲಕ್ಷ ಅಂತ ಇಟ್ಟುಕೊಳ್ಳಿ. ಸೇಲ್ಸ್‌ನವರು 'ಬರೀ ಇಪ್ಪತ್ತು ಸಾವಿರ ವ್ಯತ್ಯಾಸ ಸಾರ್' ಅನ್ನುತ್ತಾರೆ. ಮೊದಲನೆಯದಕ್ಕೆ ತೆರಿಗೆ 1,38,600 ರೂಪಾಯಿ. ಎರಡನೆಯದಕ್ಕೆ 1,71,700. ತೆರಿಗೆಯಲ್ಲೇ 33,100 ಜಾಸ್ತಿ. ಇಪ್ಪತ್ತು ಸಾವಿರದ ಸನ್‌ರೂಫ್‌ಗೆ 53 ಸಾವಿರ ಕೊಟ್ಟ ಹಾಗಾಯಿತು. ಅದರ ಮೇಲೆ ಸಾಲದ ಬಡ್ಡಿ. ಹ್ಯಾಚ್‌ಬ್ಯಾಕ್ ಕೊಳ್ಳುವವನು ಈ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ಪುಟ್ಟ ಎಸ್‌ಯುವಿ ಕೊಳ್ಳುವವನು ಸರಿಯಾಗಿ ಅದರ ಮೇಲೆಯೇ ನಿಂತಿರುತ್ತಾನೆ.

ಜಿಎಸ್‌ಟಿ ಬಗ್ಗೆ ಅತ್ತಿಗೆ ಹೇಳಿದ್ದರಲ್ಲೂ ಒಂದು ಬಿಟ್ಟುಹೋಗಿದೆ. ನಾಲ್ಕು ಮೀಟರ್ ಒಳಗಿದ್ದ ಮಾತ್ರಕ್ಕೆ ಶೇ. 18 ಆಗುವುದಿಲ್ಲ. ಬ್ರೆಝಾ ಉದ್ದ ಗೆರೆಯೊಳಗೇ ಇದೆ, ಆದರೆ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ. ಅದಕ್ಕೆ ಶೇ. 40 ಬೀಳುತ್ತದೆ.

ಓಡಿಸುವ ಖರ್ಚು ನೋಡೋಣ. ಕಂಪನಿ ಹೇಳುವ ಮೈಲೇಜ್ ರಸ್ತೆಯಲ್ಲಿ ಬರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಹೋಲಿಕೆಗೆ ಸಾಕು. ಮ್ಯಾನುಯಲ್ ಸ್ವಿಫ್ಟ್‌ಗೆ ಲೀಟರಿಗೆ 24.8 ಕಿಲೋಮೀಟರ್. ನೆಕ್ಸಾನ್ ಟರ್ಬೊ ಪೆಟ್ರೋಲ್ ಮ್ಯಾನುಯಲ್‌ಗೆ 17.4. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸಿದರೆ ವ್ಯತ್ಯಾಸ ಸುಮಾರು 170 ಲೀಟರ್. ಲೀಟರಿಗೆ ನೂರು ರೂಪಾಯಿ ಅಂದುಕೊಂಡರೂ 17 ಸಾವಿರ. ಎಸ್‌ಯುವಿಯ ಅಗಲದ, ದೊಡ್ಡ ಸೈಜಿನ ಟೈರಿಗೂ ಬೆಲೆ ಜಾಸ್ತಿ. ನಾಲ್ಕೂ ಒಟ್ಟಿಗೆ ಬದಲಿಸುವ ದಿನ ಬಿಲ್ ನೋಡಿದರೆ ಅರ್ಥವಾಗುತ್ತದೆ.

ಎತ್ತರದ ಗಾಡಿಯ ಇನ್ನೊಂದು ಗುಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಿರುವಿನಲ್ಲಿ ವಾಲುತ್ತದೆ. ಒಂದೇ ಥರದ ಸಸ್ಪೆನ್ಷನ್ ಇದ್ದಾಗ ಎತ್ತರದಲ್ಲಿ ಕೂತವರಿಗೆ ಓಲಾಟ ಜಾಸ್ತಿ. ಡ್ರೈವರ್‌ಗೆ ಸ್ಟೀರಿಂಗ್ ಹಿಡಿದಿರುವುದರಿಂದ ಗೊತ್ತಾಗುವುದಿಲ್ಲ. ಹಿಂದಿನ ಸೀಟಿನ ಮಕ್ಕಳಿಗೆ ಗೊತ್ತಾಗುತ್ತದೆ. ಚಾರ್ಮಾಡಿಯ ನಾಲ್ಕನೇ ತಿರುವಿಗೆ ಮಗು ಸುಮ್ಮನಾಗುತ್ತದೆ, ಆರನೆಯದಕ್ಕೆ ಪ್ಲಾಸ್ಟಿಕ್ ಕವರ್ ಹುಡುಕಬೇಕು. ಎಲ್ಲ ಎಸ್‌ಯುವಿಯೂ ಹೀಗೆ ಅಲ್ಲ, ಕೈಲಾಕ್ ಥರದ್ದು ತಿರುವಿನಲ್ಲಿ ಬಿಗಿಯಾಗಿಯೇ ನಿಲ್ಲುತ್ತದೆ. ಆದರೆ ಇದನ್ನು ತಿಳಿಯಲು ಹಿಂದಿನ ಸೀಟಿನಲ್ಲಿ ಕೂತು ಟೆಸ್ಟ್ ಡ್ರೈವ್ ಮಾಡಬೇಕು. ಯಾರು ಮಾಡುತ್ತಾರೆ?

ಸ್ಟಾರ್ ವಿಚಾರದಲ್ಲಿ ನೆಕ್ಸಾನ್ ದಾರಿ ತೋರಿಸಿದ್ದು ನಿಜ. ಆದರೆ ಆಲ್ಟ್ರೋಜ್ 2020ರಲ್ಲೇ ಐದು ಸ್ಟಾರ್ ಪಡೆಯಿತು. ಡಿಜೈರ್ 2024ರಲ್ಲಿ ಪಡೆಯಿತು. ಒಂದು ಹ್ಯಾಚ್‌ಬ್ಯಾಕ್, ಒಂದು ಸೆಡಾನ್. ಸ್ಟಾರ್ ಬರುವುದು ಬಾಡಿ ಗಟ್ಟಿ ಇದ್ದರೆ, ಏರ್‌ಬ್ಯಾಗ್, ಸೀಟ್ ಬೆಲ್ಟ್ ಸರಿಯಾಗಿ ಕೆಲಸ ಮಾಡಿದರೆ. ಗಾಡಿ ಎತ್ತರ ಇದೆ ಅಂತ ಯಾರೂ ಸ್ಟಾರ್ ಕೊಡುವುದಿಲ್ಲ.

ಹಂಪ್ ಬಗ್ಗೆ ಅತ್ತಿಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಆ ಕರ್ರ್ ಸದ್ದು ನಾನೂ ಕೇಳಿದ್ದೇನೆ. ತುಂಬಿದ ಗಾಡಿಯಲ್ಲಿ ಅಡ್ಡವಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿದರೆ ಎಷ್ಟೋ ಹಂಪ್ ತಾಗುವುದಿಲ್ಲ. ಮಳೆನೀರಿನ ವಿಷಯದಲ್ಲಿ ಮಾತ್ರ ಎತ್ತರವನ್ನು ನಂಬಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದಾಗ ಜನರನ್ನು ದಾಟಿಸಿದ್ದು ಟ್ರ್ಯಾಕ್ಟರ್. ಎಂಜಿನ್ ಒಳಗೆ ನೀರು ಹೋದರೆ ನಾಲ್ಕು ಸೆಂಟಿಮೀಟರ್ ಏನೂ ಮಾಡುವುದಿಲ್ಲ. ವಿಮೆ ಮಾಡಿಸುವಾಗ ಎಂಜಿನ್ ಪ್ರೊಟೆಕ್ಷನ್ ಸೇರಿಸಿಕೊಳ್ಳಿ, ಅದಕ್ಕೆ ಕೊಟ್ಟ ದುಡ್ಡು ಹೆಚ್ಚು ಕೆಲಸಕ್ಕೆ ಬರುತ್ತದೆ.

ಅತ್ತಿಗೆಯ ತವರಿನ ಮಣ್ಣು ದಾರಿಯಲ್ಲಿ ದಿನಾ ಓಡಾಡುವವರು, ತೋಟದಲ್ಲಿ ಮನೆ ಇರುವವರು ಎಸ್‌ಯುವಿಯನ್ನೇ ತಗೊಳ್ಳಲಿ. ಮಿಕ್ಕವರು ಈ ಭಾನುವಾರ ಶೋರೂಮಿಗೆ ಹೋಗುವುದಾದರೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ನೀವು ಬುಕ್ ಮಾಡುವ ವೇರಿಯಂಟನ್ನೇ ಟೆಸ್ಟ್ ಡ್ರೈವ್‌ಗೆ ಕೇಳಿ, ಇಲ್ಲ ಅಂದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ಅಮ್ಮನನ್ನು ಹಿಂದೆ ಕೂರಿಸಿ ಒಂದು ಸಲ ಹತ್ತಿಸಿ, ಇಳಿಸಿ. ಆಮೇಲೆ ಪಕ್ಕದ ಶೋರೂಮಿನಲ್ಲಿ ವ್ಯಾಗನ್ ಆರ್‌ನಲ್ಲೂ, ಡಿಜೈರ್‌ನಲ್ಲೂ ಕೂರಿಸಿ. ಎರಡು ಕಡೆಯಿಂದಲೂ ಆನ್‌ರೋಡ್ ಬೆಲೆಯನ್ನು ತೆರಿಗೆ ಬಿಡಿಸಿ ಬರೆಸಿಕೊಂಡು ಬನ್ನಿ. ಅತ್ತಿಗೆ, ನಮ್ಮ ಮನೆಯಲ್ಲಿ ಆ ಚೀಟಿ ಇನ್ನೂ ಫ್ರಿಜ್ ಮೇಲೆಯೇ ಇದೆ, ಅಣ್ಣನಿಗೆ ತೋರಿಸೋದು ನಿಮ್ಮ ಕೆಲಸ.