ಹಿತ್ತಲ ಶೆಡ್ಡಿಗೆ ದುಡ್ಡು ಹಾಕುವುದಾದರೆ ಮಾಡಿಗೆ ಹಾಕಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾರಾದರೂ ಹಿತ್ತಲಲ್ಲಿ ಒಂದು ಶೆಡ್ ಮಾಡಬೇಕು ಅಂದರೆ ನಾನು ಮೊದಲು ಕೇಳುವುದು ಒಂದೇ: ಮಾಡು, ಅಂದರೆ ಚಾವಣಿ, ಎಷ್ಟು ಹೊರಗೆ ಚಾಚುತ್ತೆ? ಗೋಡೆ ಯಾವುದರದ್ದು, ಬಾಗಿಲು ಎಷ್ಟು ಅಗಲ, ಬಣ್ಣ ಯಾವುದು ಅನ್ನುವುದೆಲ್ಲ ಆಮೇಲಿನ ಮಾತು. ಮಾಡು ಸರಿ ಇದ್ದರೆ ಗೋಡೆ ಅರ್ಧ ಇಲ್ಲದಿದ್ದರೂ ನಡೆಯುತ್ತೆ. ಮಾಡು ಕೆಟ್ಟರೆ ನಾಲ್ಕು ಕಡೆ ಚಿರೆಕಲ್ಲು (ಜಂಬಿಟ್ಟಿಗೆ) ಕಟ್ಟಿದರೂ ಒಳಗಿನ ಸಾಮಾನು ಉಳಿಯುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಊರಿಗೆ ವಾಪಸ್ ಬಂದ ಹುಡುಗರು, ಮನೆಯಿಂದಲೇ ಕೆಲಸ ಮಾಡುವವರು ಈಗ ಯೂಟ್ಯೂಬ್ ನೋಡಿ ತಾವೇ ಶೆಡ್ ಕಟ್ಟಲು ಹೊರಡುತ್ತಿದ್ದಾರೆ. ನನಗೆ ತುಂಬಾ ಖುಷಿ. ಆದರೆ ಅವರು ನೋಡುವ ವಿಡಿಯೋ ಜಾಸ್ತಿ ಅಮೆರಿಕದ್ದು. ಮರದ ಚೌಕಟ್ಟು, ಪ್ಲೈವುಡ್ ನೆಲ, ನಾಲ್ಕೂ ಕಡೆ ಮುಚ್ಚಿದ ಗೋಡೆ, ಅರ್ಧ ಅಡಿಯ ಸೂರು. ಅಲ್ಲಿಯ ಚಳಿಗೆ, ಹಿಮಕ್ಕೆ ಅದು ಸರಿ. ಇಲ್ಲಿ ಪ್ಲೈವುಡ್ ನೆಲ ಹಾಕಿದರೆ ಒರಲೆ (ಗೆದ್ದಲು) ಬಹಳ ದಿನ ಬಿಡುವುದಿಲ್ಲ. ಪೇಟೆಯಲ್ಲಿ ಮಾಡಿಸಿ ತಂದು ಇಡುವ ತಗಡಿನ ಶೆಡ್ಡೂ ಹಾಗೇ. ನಾಲ್ಕೂ ಕಡೆ ತಗಡು, ಗಾಳಿ ಆಡಲು ಒಂದು ಕಿಂಡಿ ಇಲ್ಲ. ಆರಿದ್ರಾ ಮಳೆ ಹಿಡಿದು ಎಂಟು ದಿನ ಆಗುವುದರೊಳಗೆ ತಗಡಿನ ಒಳಮೈಯಲ್ಲಿ ನೀರ ಹನಿ ಕೂರುತ್ತೆ. ಗೋಣಿಚೀಲ, ಹಗ್ಗ, ಕತ್ತಿಯ ಹಿಡಿ ಎಲ್ಲದಕ್ಕೂ ಬೂಷ್ಟು. ಮಳೆ ಒಳಗೆ ಬಂದೇ ಇಲ್ಲ, ಆದರೂ ಸಾಮಾನು ಒದ್ದೆ!

ನಮ್ಮ ಮಳೆಯ ಲೆಕ್ಕ ಒಮ್ಮೆ ಹಾಕಿ ನೋಡಿ. ಶಿರಸಿಯಲ್ಲಿ ವರ್ಷಕ್ಕೆ ಸರಾಸರಿ 2500 ಮಿಲಿಮೀಟರ್ ಆಸುಪಾಸು ಮಳೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನನ್ನ ಶೆಡ್ಡಿನ ತಳ 9 ಅಡಿಗೆ 12 ಅಡಿ. ಸುತ್ತ ಎರಡೆರಡು ಅಡಿ ಸೂರು ಬಿಟ್ಟಿದ್ದರಿಂದ ಮಾಡು 13ಕ್ಕೆ 16 ಅಡಿ, ಅಂದರೆ ಸುಮಾರು 19 ಚದರ ಮೀಟರ್. ವರ್ಷಕ್ಕೆ 48 ಸಾವಿರ ಲೀಟರ್ ನೀರು ಈ ಸಣ್ಣ ಮಾಡಿನ ಮೇಲೆ ಬೀಳುತ್ತೆ. 100 ಮಿಲಿಮೀಟರ್ ಸುರಿದ ಒಂದೇ ದಿನಕ್ಕೆ ಸಾವಿರದ ಒಂಬೈನೂರು ಲೀಟರ್. ಅಷ್ಟು ನೀರನ್ನು ಎಲ್ಲಿ ಬೀಳಿಸುತ್ತೀರಿ, ಎಲ್ಲಿಗೆ ಕಳಿಸುತ್ತೀರಿ ಅನ್ನುವುದನ್ನು ಗುದ್ದಲಿ ಹಿಡಿಯುವ ಮೊದಲೇ ಯೋಚಿಸಬೇಕು. ಸುಮ್ನೆ ಬಿಟ್ಟರೆ ಸೂರಿನ ನೀರು ಬಿದ್ದ ಜಾಗ ಹೊಂಡವಾಗಿ, ಅದೇ ನೀರು ತಳಪಾಯದ ಬುಡಕ್ಕೆ ನುಗ್ಗುತ್ತೆ. ನಾನು ಪಿವಿಸಿ ಪೈಪ್ ಉದ್ದಕ್ಕೆ ಸೀಳಿ ದೋಣಿ ಮಾಡಿ, ದೂರದ ಇಂಗುಗುಂಡಿಗೆ ಬಿಟ್ಟಿದ್ದೇನೆ. ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆಯೂ ಆಗುತ್ತೆ, ಆದರೆ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು.

ಇನ್ನು ಗಾಳಿ. ನಮ್ಮ ಮಳೆಗಾಲದ ಗಾಳಿ ಪಡುವಣದಿಂದ, ನೈಋತ್ಯದಿಂದ ಬರುತ್ತೆ. ಗಾಳಿ ಸೇರಿಕೊಂಡು ಮಳೆ 45 ಡಿಗ್ರಿ ಓರೆಯಾಗಿ ಹೊಡೆದರೆ ಎರಡು ಅಡಿ ಸೂರು ತನ್ನ ಕೆಳಗಿನ ಎರಡು ಅಡಿ ಗೋಡೆಯನ್ನಷ್ಟೇ ಕಾಯುತ್ತೆ. ಅದರ ಕೆಳಗೆಲ್ಲ ಎರಚಲು. ಅದಕ್ಕೇ ಪಶ್ಚಿಮದ ಕಡೆ ಮಾಡನ್ನು ತಗ್ಗಿಸಿ, ಪೂರ್ವಕ್ಕೆ ಎತ್ತರಿಸಿ ಒಂದೇ ಇಳಿಜಾರು ಕೊಟ್ಟೆ. ಪಶ್ಚಿಮದ ಕಂಬ 6 ಅಡಿ, ಪೂರ್ವದ್ದು ಎಂಟೂವರೆ. ಪಶ್ಚಿಮದ ಸೂರಿನ ತುದಿ ನೆಲದಿಂದ ಐದು ಅಡಿ ಚಿಲ್ಲರೆ ಎತ್ತರಕ್ಕೆ ಬಂತು. ಅಲ್ಲಿ ಗೋಡೆಯೂ ಇದೆ. ದಕ್ಷಿಣಕ್ಕೂ ಗೋಡೆ. ಉತ್ತರಕ್ಕೆ ಬರೀ ಬಲೆ. ಪೂರ್ವ ಪೂರ್ತಿ ಖಾಲಿ.

ಪೂರ್ವ ಖಾಲಿ ಬಿಟ್ಟಿದ್ದು ಆಯಿಯ (ಅಮ್ಮನ) ಮಾತಿಗೆ. ನಾನು ಅಲ್ಲಿ ದೊಡ್ಡ ಬಾಗಿಲಿನ ಗುರುತು ಹಾಕುತ್ತಿದ್ದೆ. ಆಯಿ ಬಂದು ನಿಂತು, "ತಮಾ, ಬಾಗಿಲು ಎಂತಕ್ಕೆ? ಕೈ ತುಂಬಾ ಕಟ್ಟಿಗೆ ಇದ್ರೆ ಬಾಗಿಲು ಎಂಥದ್ರಲ್ಲಿ ತೆಗಿಯದು?" ಅಂದಳು. ಶೆಡ್ಡನ್ನು ದಿನಾ ಬಳಸುವವರು ಕಟ್ಟುವ ಜಾಗದಲ್ಲಿ ನಿಂತಿರಬೇಕು ಅಂತ ನಾನು ಹೇಳುವುದು ಇಂಥದ್ದಕ್ಕೇ. ಪೇಟೆಯಲ್ಲಿ ಅಳತೆ ಕೊಟ್ಟು ಮಾಡಿಸಿದರೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ.

ಮೂಲೆ ಸರಿಯಾಗಿ ಬರಬೇಕು ಅನ್ನುವವರಿಗೆ ಒಂದು ಸುಲಭ ದಾರಿ: 9ಕ್ಕೆ 12 ಅಡಿ ಅಳತೆ ಇಟ್ಟುಕೊಳ್ಳಿ. ನಾಲ್ಕು ಗೂಟ ಹೊಡೆದು ದಾರ ಕಟ್ಟಿ, ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕಡೆ ಸರಿಯಾಗಿ 15 ಅಡಿ ಬಂದರೆ ನಾಲ್ಕೂ ಮೂಲೆ ನೇರ. ಚಿಲ್ಲರೆ ಇಂಚು ಲೆಕ್ಕ ಹಾಕುವ ತಾಪತ್ರಯವೇ ಇಲ್ಲ. ಮಟ್ಟಕ್ಕೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಇಬ್ಬರು ಹಿಡಿದರೆ ಸಾಕು. ಪೈಪಿನ ಒಳಗೆ ಗಾಳಿಗುಳ್ಳೆ ಇರಬಾರದು, ಅಷ್ಟೇ.

ಜಾಗದ ವಿಷಯದಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಹಿತ್ತಲಲ್ಲಿ ಸಮತಟ್ಟು ಜಾಗ ಸಾಲದು ಅಂತ ಧರೆಯ (ಮಣ್ಣಿನ ದಿಬ್ಬದ) ಬುಡ ಕಡಿಯಬೇಡಿ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜರಿದಿದ್ದನ್ನು ನೋಡಿದ್ದೇವೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಬಂದು ಜನರನ್ನೇ ಹೊತ್ತೊಯ್ದಿತು. ಹಿತ್ತಲ ಧರೆ ಅಷ್ಟು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ನೀರು ಕುಡಿದ ಮಣ್ಣಿಗೆ ಬುಡದ ಆಸರೆ ತಪ್ಪಿದರೆ ಮೇಲಿನದ್ದು ಕೂರುವುದಿಲ್ಲ. ಜೆಸಿಬಿ ಒಂದು ತಾಸಿನಲ್ಲಿ ಜಾಗ ಮಾಡಿಕೊಡುತ್ತೆ ನಿಜ. ಅದಕ್ಕಿಂತ ಶೆಡ್ಡನ್ನು ಎರಡು ಅಡಿ ಕಿರಿದು ಮಾಡಿ. ಅಥವಾ ಮನೆಯಿಂದ ನಾಲ್ಕು ಹೆಜ್ಜೆ ದೂರ ಇಡಿ.

ತಳಪಾಯ ಸುತ್ತಲಿನ ನೆಲಕ್ಕಿಂತ ಒಂದೂವರೆ ಅಡಿ ಎತ್ತರ ಇರಲಿ. ಚಿರೆಕಲ್ಲು ಸಾಕು. ಕಂಬ ಮಾತ್ರ ಮಣ್ಣಿಗೆ ನೇರ ಹೂಳಬೇಡಿ, ಎಂಥ ಗಟ್ಟಿ ಮರವಾದರೂ ಸರಿ. ನಮ್ಮ ಹಳೆ ಮನೆಗಳಲ್ಲಿ ಕಂಬದ ಕೆಳಗೆ ಕಲ್ಲು ಇರುತ್ತಿತ್ತು ಅಲ್ವಾ? ಒರಲೆ ಹತ್ತಿದರೆ ಕಲ್ಲಿನ ಮೇಲೆ ಅದರ ಮಣ್ಣಿನ ದಾರಿ ಎದ್ದು ಕಾಣುತ್ತೆ, ಗುಡಿಸಿ ಹಾಕಬಹುದು. ನಾನು ಹಾಕಿದ್ದು ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಎರಡು ಅಡಿ ಗುಂಡಿಯಲ್ಲಿ ಕಾಂಕ್ರೀಟ್, ಅದರ ಮೇಲ್ತುದಿ ನೆಲದಿಂದ ನಾಲ್ಕು ಇಂಚು ಮೇಲೆ, ನೀರು ನಿಲ್ಲದ ಹಾಗೆ ಸುತ್ತ ಇಳಿಜಾರು. ಬೆಟ್ಟದಲ್ಲಿ ಮರ ಇದೆಯಲ್ಲ ಅಂತ ಅನುಮತಿ ಇಲ್ಲದೆ ಕೈ ಹಚ್ಚುವ ಹಾಗಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ.

ಹಂಚೋ ಶೀಟೋ? ಮನಸ್ಸು ಕೇಳಿದರೆ ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ನಮ್ಮ ಕರಾವಳಿ, ಮಲೆನಾಡಿನ ಮನೆಗಳನ್ನು ಕಾಯ್ದದ್ದು ಅದು. ಒಳಗೆ ತಂಪು, ಸಂದಿಯಲ್ಲಿ ಗಾಳಿ ಆಡುತ್ತೆ, ಹನಿ ಕಟ್ಟುವುದಿಲ್ಲ. ಆದರೆ ಹಂಚಿಗೆ ಇಳಿಜಾರು ಜಾಸ್ತಿ ಬೇಕು, 30 ಡಿಗ್ರಿ ಹತ್ತಿರ. ಮತ್ತೆ ಮಂಗ! ತೋಟದಿಂದ ಬಂದ ಮಂಗನ ಹಿಂಡು ಒಂದು ಸಲ ಮಾಡಿನ ಮೇಲೆ ಓಡಾಡಿದರೆ ಎಷ್ಟು ಹಂಚು ಹೋಯಿತು ಅಂತ ಮರುದಿನ ಎಣಿಸಬೇಕು. ಹತ್ತಿ ಹಂಚು ಬದಲಿಸುವವರೂ ಈಗ ಸಿಗುವುದಿಲ್ಲ. ಹಾಗಾಗಿ ಶೀಟ್ ಹಾಕಿದೆ.

ಶೀಟ್ ಹಾಕಿದರೆ ಒಂದು ವಿಷಯ ತಲೆಯಲ್ಲಿರಬೇಕು. ಹಂಚಿನ ಮಾಡಿಗೆ ಚದರ ಮೀಟರಿಗೆ ಸುಮಾರು 15 ಹಂಚು, ಒಂದೊಂದು 2ರಿಂದ 3 ಕಿಲೋ. ತನ್ನ ಭಾರದಿಂದಲೇ ಅದು ಕೂತಿರುತ್ತೆ. ಅರ್ಧ ಮಿಲಿಮೀಟರ್ ದಪ್ಪದ ಶೀಟ್ ನನ್ನ ಇಡೀ ಮಾಡಿಗೆ ಸೇರಿ ಹೆಚ್ಚು ಕಡಿಮೆ ಎರಡು ಮೂಟೆ ಸಿಮೆಂಟಿನಷ್ಟು ಭಾರ. ಒಂದು ಕಡೆ ತೆರೆದ ಶೆಡ್ಡಿನೊಳಗೆ ಗಾಳಿ ನುಗ್ಗಿದರೆ ಛತ್ರಿ ಉಲ್ಟಾ ಆದ ಹಾಗೆ ಮಾಡು ಮೇಲಕ್ಕೆ ಎಳೆಯುತ್ತೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಪಕ್ಕದಲ್ಲಿ ಹಾದುಹೋದಾಗ ಹಾರಿಹೋದ ಶೀಟುಗಳು ನೆನಪಿರಬಹುದು. ಶೀಟ್ ರೀಪಿಗೆ (ಅಡ್ಡ ಪಟ್ಟಿ), ರೀಪು ಪಕಾಸಿಗೆ (ಇಳಿಜಾರಿನ ತೊಲೆ), ಪಕಾಸು ಕಂಬಕ್ಕೆ, ಕಂಬ ಕಾಂಕ್ರೀಟಿಗೆ. ಎಲ್ಲ ಕಡೆ ಬೋಲ್ಟ್ ಬಿಗಿ ಇರಬೇಕು. ಒಂದು ಕಡೆ ಸಡಿಲ ಆದರೂ ಗಾಳಿ ಅಲ್ಲಿಂದಲೇ ಶುರು ಮಾಡುತ್ತೆ. ಜಿಐ ಪೈಪಿಗೆ ವೆಲ್ಡಿಂಗ್ ಮಾಡಿದರೆ ಸುಟ್ಟ ಜಾಗದಲ್ಲಿ ಸತು ಹೋಗಿ ತುಕ್ಕು ಅಲ್ಲೇ ಮೊದಲು ಹಿಡಿಯುತ್ತೆ, ಅಲ್ಲಿಗೆ ಜಿಂಕ್ ಪೇಂಟ್ ಬೇಕೇ ಬೇಕು. ನಾನು ಬೋಲ್ಟಿನಲ್ಲೇ ಮುಗಿಸಿದೆ.

ಸ್ಕ್ರೂ ಹೊಡೆಯುವುದು ಶೀಟಿನ ಉಬ್ಬಿನ ಮೇಲೆ. ತಗ್ಗಿನಲ್ಲಿ ಹೊಡೆದರೆ ನೀರು ಹರಿಯುವ ದಾರಿಯಲ್ಲೇ ತೂತು ಮಾಡಿದ ಹಾಗೆ. ರಬ್ಬರ್ ವಾಷರ್ ಸ್ವಲ್ಪ ಒತ್ತಿಕೊಂಡು ಚಪ್ಪಟೆ ಕೂರಬೇಕು. ಜಾಸ್ತಿ ಬಿಗಿದರೆ ಪಕ್ಕಕ್ಕೆ ಹಿಸುಕಿ ಬಂದು ಬಿಸಿಲಿಗೆ ಸೀಳುತ್ತೆ, ಆಮೇಲೆ ಸೋರಿಕೆ. ಪಕ್ಕದ ಶೀಟಿನ ಮೇಲೆ ಒಂದೂವರೆ ಉಬ್ಬು, ಉದ್ದಕ್ಕೆ ಜೋಡಿಸುವುದಾದರೆ ಕನಿಷ್ಠ ಆರು ಇಂಚು ಹೊದಿಕೆ ಇರಲಿ. ಹೊದಿಕೆಯ ಬಾಯಿ ಗಾಳಿಗೆ ಎದುರಾಗಿ ಇರಬಾರದು. ನಮ್ಮಲ್ಲಿ ಶೀಟನ್ನು ಉತ್ತರದಿಂದ ಹಾಕುತ್ತಾ ದಕ್ಷಿಣಕ್ಕೆ ಬರಬೇಕು ಅನ್ನುವುದು ಅದಕ್ಕೇ.

ಗೋಡೆಗೆ ನಾನು ಬಳಸಿದ್ದು ಕೆಳಗೆ ಎರಡು ಅಡಿ ಚಿರೆಕಲ್ಲು, ಮೇಲೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ಹಳೆ ಮರ ಬಿದ್ದಿತ್ತು. ಸೀಳಿದಾಗ ಹೊರಗಿನ ಬೆರಳು ದಪ್ಪದ ಭಾಗ ಕಬ್ಬಿಣದ ಹಾಗೆ ಗಟ್ಟಿ, ಒಳಗೆ ಮೆತ್ತನೆ ನಾರು. ಆ ನಾರನ್ನು ಕತ್ತಿಯಿಂದ ಪೂರ್ತಿ ಹೆರೆದು ತೆಗೆಯಬೇಕು. ಕಪ್ಪು ಗಟ್ಟಿ ಭಾಗಕ್ಕೆ ಕತ್ತಿ ತಾಗಿದಾಗ ಸದ್ದೇ ಬೇರೆ, ಅಲ್ಲಿ ನಿಲ್ಲಿಸಬೇಕು. ಮೆತ್ತನೆಯದು ಉಳಿದರೆ ನೀರು ಹೀರಿ ಅಲ್ಲಿಂದಲೇ ಕೊಳೆಯುತ್ತೆ. ದಬ್ಬೆಗಳ ನಡುವೆ ಒಂದು ಬೆರಳು ಸಂದಿ ಬಿಟ್ಟೆ. ಮಳೆಗಾಲದಲ್ಲಿ ಹೊರಗಿನಿಂದ ಸೋಗೆ ತಟ್ಟಿ (ಅಡಿಕೆ ಗರಿಯ ಪರದೆ) ಕಟ್ಟಿದರೆ ಎರಚಲು ತಡೆಯುತ್ತೆ, ಗಾಳಿಯೂ ಆಡುತ್ತೆ.

ಒಳಗೆ ಏನನ್ನು ಎಲ್ಲಿ ಇಡುತ್ತೀರಿ ಅನ್ನುವುದು ಕಟ್ಟುವಷ್ಟೇ ಮುಖ್ಯ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಹಾಕುತ್ತೇವೆ. ಹದ ನೋಡಲು ಕತ್ತಿ ಅದ್ದುತ್ತೇವೆ. ಕತ್ತಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ಬೇರೇನೂ ಅಲ್ಲ, ತಾಮ್ರ. ಕಬ್ಬಿಣ ಸ್ವಲ್ಪ ಕರಗಿ ಅದರ ಜಾಗಕ್ಕೆ ತಾಮ್ರ ಬಂದು ಕೂರುತ್ತೆ. ಮೈಲುತುತ್ತದ ಚೀಲ ತಗಡಿಗೆ ಒರಗಿಸಿಟ್ಟು, ತೇವ ತಾಗಿದರೆ ತಗಡಿಗೂ ಇದೇ ಗತಿ. ಅದು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿರಲಿ. ಯೂರಿಯಾ, ಪೊಟ್ಯಾಷ್ ಗಾಳಿಯ ತೇವ ಹೀರುತ್ತವೆ, ದಬ್ಬೆಯ ಅಟ್ಟಣೆ ಮಾಡಿ ನೆಲದಿಂದ, ಗೋಡೆಯಿಂದ ದೂರ ಇಡಿ. ಕಟ್ಟಿಗೆಯನ್ನೂ ನೆಲಕ್ಕೆ ತಾಗಿಸಿ ಒಟ್ಟಬೇಡಿ. ಕೆಳಗೆ ಒಂದು ಅಡಿ ಖಾಲಿ ಇದ್ದರೆ ಟಾರ್ಚ್ ಬಿಟ್ಟು ನೋಡಬಹುದು. ಮಳೆಗಾಲದ ರಾತ್ರಿ ಕಟ್ಟಿಗೆಗೆ ಕೈ ಹಾಕುವುದು ಮನೆಯ ಹೆಂಗಸರೇ ಜಾಸ್ತಿ, ಹಾವಿನ ಭಯ ಅವರಿಗೆ ಮೊದಲು.

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಮಳೆ ಇನ್ನೂ ಜಾಸ್ತಿ, 3000 ಮಿಲಿಮೀಟರಿನ ಮೇಲೆ. ಜೊತೆಗೆ ಉಪ್ಪುಗಾಳಿ. ಸಮುದ್ರದ ಹತ್ತಿರ ಇರುವವರು ಸಾದಾ ಜಿಐ ಶೀಟಿಗಿಂತ ಅಲ್ಯೂಮಿನಿಯಂ ಶೀಟಿಗೆ ಹೋಗುವುದು ಒಳ್ಳೆಯದು. ಬರೀ ಕಬ್ಬಿಣದ ಸ್ಕ್ರೂ ಅಲ್ಲಿ ಬೇಡ.

ಎಲ್ಲವನ್ನೂ ಒಬ್ಬರೇ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ಕಂಬ ನಿಲ್ಲಿಸುವ ದಿನ, ಶೀಟ್ ಏರಿಸುವ ದಿನ ಮುಯ್ಯಾಳು ಬೇಕು. ಪಕ್ಕದ ಮನೆ ಭಾವ ಬಂದರು, ತಮ್ಮ ಇದ್ದ. ಅವರ ಮನೆಯ ಕೆಲಸಕ್ಕೆ ನಾವು ಹೋಗುತ್ತೇವೆ. ಲೈಟ್ ಬೇಕಾದರೆ ವೈರಿಂಗ್ ಗೊತ್ತಿದ್ದವರೇ ಮಾಡಲಿ. ಕರೆಂಟ್ ಲೈನಿನ ತಂತಿ ಹತ್ತಿರ ಇದ್ದರೆ ಅಲ್ಯೂಮಿನಿಯಂ ಏಣಿ, ಉದ್ದದ ಪೈಪು ಎತ್ತಲೇಬೇಡಿ. ಮಾಡಿನ ಮೇಲೆ ಕಾಲಿಡುವುದು ರೀಪಿನ ಮೇಲೆ ಮಾತ್ರ, ಅಡ್ಡಕ್ಕೆ ಒಂದು ಹಲಗೆ ಹಾಕಿಕೊಂಡು. ಹಳೆಯ ಸಿಮೆಂಟ್ ಶೀಟು, ಬೆಳಕಿಗೆ ಹಾಕಿದ ಫೈಬರ್ ಶೀಟು ಗಟ್ಟಿ ಇದ್ದ ಹಾಗೆ ಕಾಣುತ್ತೆ, ಕಾಲಿಟ್ಟರೆ ಒಡೆದು ಕೆಳಗೆ ಹೋಗುತ್ತೀರಿ. ಹಾಗೆ ಬಿದ್ದು ಸೊಂಟ ಮುರಿದುಕೊಂಡವರು, ಜೀವ ಕಳೆದುಕೊಂಡವರು ಇದ್ದಾರೆ. ಇದೊಂದು ಮಾತನ್ನು ದಯವಿಟ್ಟು ಹಗುರ ಮಾಡಬೇಡಿ.

ಶುರು ಮಾಡುವವರು ದೀಪಾವಳಿ ಆದಮೇಲೆ ಜಾಗ ನೋಡಿ, ತಳಪಾಯ ಮುಗಿಸಿ. ಶಿವರಾತ್ರಿ ಹೊತ್ತಿಗೆ ಕಂಬ ನಿಂತಿರಲಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಶಿರಸಿ ಸುತ್ತಮುತ್ತ ಆಗ ಯಾರೂ ಕೆಲಸಕ್ಕೆ ಸಿಗುವುದಿಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಏಪ್ರಿಲ್ ಮುಗಿಯುವುದರೊಳಗೆ ಶೀಟ್ ಕೂರಲಿ. ಮೇ ತಿಂಗಳಲ್ಲಿ ಒಂದೆರಡು ಗುಡುಗಿನ ಮಳೆ ಬಂದೇ ಬರುತ್ತೆ. ಆಗ ಶೆಡ್ ಖಾಲಿ ಇಟ್ಟು ಒಳಗೆ ನಿಂತು ನೋಡಿ. ಹನಿ ಬಿದ್ದ ಕಡೆ, ಎರಚಲು ಬಂದ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮರುದಿನ ಮಾಡು ಒಣಗಿದ ಮೇಲೆ ಆ ಸ್ಕ್ರೂ ಬದಲಿಸಿ, ಗುರುತಿನ ಎತ್ತರದವರೆಗೆ ತಟ್ಟಿ ಕಟ್ಟಿ. ಕಟ್ಟಿಗೆ, ದರಕು (ಒಣಗಿದ ಎಲೆ) ತುಂಬುವುದು ಅದಾದ ಮೇಲೆ.