ಬಂತು ಪತ್ರ

ಮೊನ್ನೆ ಬಂತು ಪತ್ರ. ‘ಪತ್ರ ಬಂತು’ ಅಂತಲೂ ಬರೆಯಬಹುದಿತ್ತು. ಆದರೆ ಎರಡೂವರೆ ತಿಂಗಳು ಗೇಟಿನ ಕಡೆ ನೋಡುತ್ತ ಕೂತವನ ಬಾಯಲ್ಲಿ ಅದು ಹಾಗೆ ಬರುವುದಿಲ್ಲ.

ನಮ್ಮ ಇನ್ವರ್ಟರಿನ ಬ್ಯಾಟರಿ ಜೂನ್ ತಿಂಗಳ ಮೊದಲ ದೊಡ್ಡ ಮಳೆಗೇ ಕೈಕೊಟ್ಟಿತ್ತು. ಶಿರಸಿ ಕಡೆಯ ಹಳ್ಳಿಗಳಲ್ಲಿ ಮಳೆಗಾಲ ಹೇಗೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಂದು ಅಡಕೆ ಮರ ತಂತಿಯ ಮೇಲೆ ಒರಗಿದರೆ ಸಾಕು, ಮೂರು ದಿನ ಕತ್ತಲೆ. ವಾರಂಟಿ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು. ಕಂಪನಿಗೆ ಬರೆದೆ. ಕಂಪನಿಯ ಹೆಸರು ಬೇಡ, ಹೇಳಿದರೆ ಇನ್ನೊಂದು ಪತ್ರ ಬಂದೀತು. ಉತ್ತರ ಇಂಗ್ಲಿಷಿನಲ್ಲಿತ್ತು. “ಅಂಡರ್ ನೋ ಸರ್ಕಮ್‌ಸ್ಟಾನ್ಸಸ್ ಕ್ಯಾನ್ ಯುವರ್ ಕ್ಲೇಮ್ ಬಿ ಎಂಟರ್‌ಟೇನ್ಡ್.” ಯಾವ ಕಾರಣಕ್ಕೂ ನಿಮ್ಮ ಕೋರಿಕೆ ಒಪ್ಪಲಾಗದು ಅಂತ. ಕೆಳಗೆ ಇನ್ನೊಂದು ಸಾಲು: “ಶುಡ್ ಯೂ ರಿಕ್ವಾಯರ್ ಎನಿ ಫರ್ದರ್ ಅಸಿಸ್ಟೆನ್ಸ್...” ಫರ್ದರ್ ಅಂತೆ! ಮೊದಲು ಮಾಡಿದ್ದು ಯಾವ ಅಸಿಸ್ಟೆನ್ಸ್ ಸ್ವಾಮೀ?

ಬ್ಯಾಟರಿ ಹೋದದ್ದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಆ ‘ಕ್ಯಾನ್ ಯುವರ್ ಕ್ಲೇಮ್’ ಮೇಲೆ. ‘ಕ್ಲೇಮ್’ಗಿಂತ ಮೊದಲೇ ‘ಕ್ಯಾನ್’! ‘ಯುವರ್ ಕ್ಲೇಮ್ ಕ್ಯಾನಾಟ್ ಬಿ ಎಂಟರ್‌ಟೇನ್ಡ್’ ಅಂದಿದ್ದರೆ ನನಗೆ ಅರ್ಥ ಆಗುತ್ತಿರಲಿಲ್ಲವೇ? ಅದು ಕೌಂಟರಿನಲ್ಲಿ ಕೂತ ಮನುಷ್ಯ ತಲೆ ಆಡಿಸಿ ಹೇಳುವ ‘ಇಲ್ಲ’. ಇದು ಕೋಟು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಎದ್ದು ನಿಂತು ಹೇಳುವ ‘ಇಲ್ಲ’. ಪತ್ರ ಓದಿ ಹೇಳಿದೆ. ಅಡುಗೆಮನೆಯಿಂದ ಹೆಂಡತಿ ಅಂದಳು: “ಇನ್ವರ್ಟರ್ ಕಂಪನಿ ಅಲ್ದಾ, ಮಾತೂ ತಿರುಗಾಮುರುಗಾ.”

ಆ ರಾತ್ರಿ ಸೊಳ್ಳೆಯ ಕಾಟದಲ್ಲಿ ನಿದ್ದೆ ಬರದೆ ಯೋಚಿಸುತ್ತಿದ್ದಾಗ ಈ ತಿರುಗಾಮುರುಗಾ ವಾಕ್ಯಗಳ ಬಗ್ಗೆ ನನಗೊಂದು ದೊಡ್ಡ ವಿಷಯ ಹೊಳೆಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ನಾವು ಎಬಿಸಿಡಿ ಕಲಿತದ್ದೇ ಐದನೇ ಕ್ಲಾಸಿನಲ್ಲಿ. ಹೈಸ್ಕೂಲಿಗೆ ಬರುವಷ್ಟರಲ್ಲಿ ‘ನೋ ಸೂನರ್’ ಎದುರಿಗೆ ನಿಂತಿತ್ತು. “ನೋ ಸೂನರ್ ಡಿಡ್ ದ ಟೀಚರ್ ಎಂಟರ್ ದ ಕ್ಲಾಸ್ ದ್ಯಾನ್ ದ ಸ್ಟೂಡೆಂಟ್ಸ್ ಸ್ಟುಡ್ ಅಪ್.” ‘ದ್ಯಾನ್’ ಇರುವಲ್ಲಿ ‘ವೆನ್’ ಬರೆದರೆ ಅರ್ಧ ಮಾರ್ಕು ಹೋಯಿತು. ‘ಹಾರ್ಡ್ಲಿ’ಗೆ ಮಾತ್ರ ‘ವೆನ್’ ಬರೆಯಬೇಕು, ಅಲ್ಲಿ ‘ದ್ಯಾನ್’ ಬರೆದರೆ ಇನ್ನರ್ಧ ಹೋಯಿತು. ಆಮೇಲೆ ನಲವತ್ತು ವರ್ಷ ಬದುಕಿದ್ದೇನೆ. ಒಂದು ಸಲವೂ ಯಾರಿಗೂ ‘ನೋ ಸೂನರ್’ ಅಂದಿಲ್ಲ. ನನಗೂ ಯಾರೂ ಅಂದಿಲ್ಲ.

ಒಂದು ವಿಷಯ ಗಮನಿಸಿ. ನೆವರ್, ಸೆಲ್ಡಮ್, ಹಾರ್ಡ್ಲಿ, ನೋವೇರ್, ಅಂಡರ್ ನೋ ಸರ್ಕಮ್‌ಸ್ಟಾನ್ಸಸ್. ಇಂಗ್ಲಿಷ್ ವಾಕ್ಯ ಪಲ್ಟಿ ಹೊಡೆಯುವುದು ಬಹುಪಾಲು ಇಂಥವರು ಬಂದು ಮುಂದಿನ ಸೀಟಿನಲ್ಲಿ ಕೂತಾಗಲೇ. ಎಲ್ಲ ‘ಇಲ್ಲ’ದ ಸಂತಾನ. ‘ಗ್ಲ್ಯಾಡ್ಲಿ ಡು ವಿ ರಿಪ್ಲೇಸ್ ಯುವರ್ ಬ್ಯಾಟರಿ’ ಅಂತ ಯಾವ ಕಂಪನಿಯೂ ಬರೆದದ್ದು ಕಂಡಿಲ್ಲ. ಹೊಗಳುವಾಗಲೂ ಅಷ್ಟೆ. 1940ರ ಆಗಸ್ಟ್ 20ರಂದು ಚರ್ಚಿಲ್ ಪಾರ್ಲಿಮೆಂಟಿನಲ್ಲಿ ತನ್ನ ವಿಮಾನ ಪಡೆಯವರನ್ನು ಹೊಗಳಿದ. ಅವನಿಗೂ ‘ನೆವರ್’ ಅಂತ ಶುರು ಮಾಡಿ, ಯುದ್ಧದ ಚರಿತ್ರೆಯನ್ನೆಲ್ಲ ದಾಟಿ, ‘ವಾಸ್ ಸೋ ಮಚ್ ಓಡ್’ ಅಂತಲೇ ಬರಬೇಕಾಯಿತು. ಇಷ್ಟು ಜನ ಇಷ್ಟು ಸ್ವಲ್ಪ ಜನಕ್ಕೆ ಇಷ್ಟೊಂದು ಋಣಿ ಅಂತ ನೇರವಾಗಿ ಹೇಳಿದ್ದರೆ ಯಾರು ನೆನಪಿಟ್ಟುಕೊಳ್ಳುತ್ತಿದ್ದರು?

ನಾವಾದರೋ ಇದನ್ನು ಪುಕ್ಕಟೆ ಮಾಡುತ್ತೇವೆ. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ‘ಕುಮಟಾ ಬಸ್ಸು ಬಂತು’ ಅಂದರೆ ಅದು ಸುದ್ದಿ. ಚಾ ಮುಗಿಸಿ ಏಳಬಹುದು. ‘ಬಂತು ಕುಮಟಾ ಬಸ್ಸು!’ ಅಂದರೆ ಚೀಲ ಎತ್ತಿಕೊಂಡು ಓಡಬೇಕು, ಇಲ್ಲದಿದ್ದರೆ ದೇವಿಮನೆ ಘಟ್ಟ ಪೂರ್ತಿ ನಿಂತೇ ಇಳಿಯಬೇಕು. ಇದಕ್ಕೆ ಯಾರೂ ಮಾರ್ಕು ಕಳೆಯುವುದಿಲ್ಲ. ಇಂಗ್ಲಿಷಿನವರೂ ‘ಹಿಯರ್ ಕಮ್ಸ್ ದ ಬಸ್’ ಅನ್ನುತ್ತಾರೆ. ಆದರೆ ಬಸ್ಸನ್ನು ‘ಇಟ್’ ಅಂದರೋ, ‘ಹಿಯರ್ ಇಟ್ ಕಮ್ಸ್’. ಹೆಸರಿದ್ದರೆ ಒಂದು ಮರ್ಯಾದೆ, ಇಲ್ಲದಿದ್ದರೆ ಇನ್ನೊಂದು. ಇದೆಂಥ ಪಂಕ್ತಿಭೇದವೋ!

ಕ್ರಿಯಾಪದವನ್ನು ಮುಂದೆ ಎಸೆಯುವ ವಿಷಯ ಬಂದರೆ ನನಗೆ ನಮ್ಮ ದೊಡ್ಡಪ್ಪ ನೆನಪಾಗದೆ ಇರುವುದಿಲ್ಲ. ದೊಡ್ಡಪ್ಪ ಮುಲ್ಕಿ ಪಾಸು, ಅಂದರೆ ಆಗಿನ ಏಳನೇ ಕ್ಲಾಸು. ಹಗಲು ಅಡಕೆ ತೋಟ, ರಾತ್ರಿ ತಾಳಮದ್ದಲೆಯ ಕೌರವ. ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ಮನೆ ಸೇರಿದ ಮೇಲೆ ಒಂದಲ್ಲ ಒಂದು ಮನೆಯ ಜಗಲಿಯಲ್ಲಿ ತಾಳಮದ್ದಲೆ ಇದ್ದೇ ಇರುತ್ತಿತ್ತು. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ಆ ಮಾತಿಗೆ ‘ಅರ್ಥ’ ಅನ್ನುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಅದರ ಮೇಲೆ ದೊಡ್ಡಪ್ಪನಿಗೆ ಭಾರೀ ತಕರಾರು. “ವಾಕ್ಯ ಮುಗಿಯುವಷ್ಟರಲ್ಲಿ ಕೇಳುವವನು ಗೊರಕೆ ಹೊಡೆಯುತ್ತಿರುತ್ತಾನೆ. ಮೊದಲೇ ಎಸೆದುಬಿಡಬೇಕು” ಅನ್ನುತ್ತಿದ್ದ.

ಹಾಗೆಯೇ ಎಸೆಯುತ್ತಿದ್ದ. ಸಂಧಾನದ ಪ್ರಸಂಗದಲ್ಲಿ ಕೃಷ್ಣ ಬಂದು ಪಾಂಡವರಿಗೆ ಪಾಲು ಕೇಳಿದರೆ ಮೊದಲು ತೊಡೆಗೆ ಒಂದು ಪೆಟ್ಟು. ಆಮೇಲೆ “ಕೊಡೆ!” ಆಮೇಲೆ ಒಂದು ಮೌನ, ಅಷ್ಟರಲ್ಲಿ ಮಲಗಿದ್ದ ಮಕ್ಕಳು ಎದ್ದು ಕೂರುತ್ತಿದ್ದವು. ಆಮೇಲಷ್ಟೇ “ಸೂಜಿಯ ಮೊನೆ ಊರುವಷ್ಟು ನೆಲವನ್ನೂ...” ಹಳೆಯ ಕನ್ನಡದ ಈ ‘ಕೊಡೆ’ ನೋಡಿ. ‘ಇಲ್ಲ’ ಅನ್ನುವ ಮಾತೇ ಬೇರೆ ಬೇಡ, ಕ್ರಿಯಾಪದದ ಹೊಟ್ಟೆಯೊಳಗೇ ನಿರಾಕರಣೆ ಇದೆ. ಎರಡೇ ಅಕ್ಷರ. ಆ ಕಂಪನಿಯವರು ಕಲಿತರೆ ಎಷ್ಟು ಕಾಗದ ಉಳಿದೀತು!

ಕಷ್ಟ ಏನೆಂದರೆ ದೊಡ್ಡಪ್ಪ ಕೌರವನನ್ನು ಜಗಲಿಯಲ್ಲಿ ಬಿಟ್ಟು ಬರುತ್ತಿರಲಿಲ್ಲ. ಅಡಕೆ ವ್ಯಾಪಾರಿ ಬಂದು ಚಾಲಿ ಅಡಕೆಗೆ ಒಂದು ದರ ಹೇಳಿದರೆ “ಕೊಡೆ!” ಪಕ್ಕದ ಮನೆಯವರು ಏಣಿ ಕೇಳಿದರೆ “ಕೊಡೆ!” (ಆಮೇಲೆ ತಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದ.) ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ದೊಡ್ಡಮ್ಮನ ಸೀರೆಯ ಅರ್ಜಿಯೂ ಎರಡು ವರ್ಷಕ್ಕೊಮ್ಮೆ. ಅದಕ್ಕೂ ಅದೇ ಉತ್ತರ, ಅದೇ ತೊಡೆಯ ಪೆಟ್ಟು. ಈ ಉತ್ತರದ ಹಿಂದೆ ಏಣಿಯ ಹಾಗೆ ಸೀರೆ ಮಾತ್ರ ಬರುತ್ತಿರಲಿಲ್ಲ.

ಒಂದು ಶ್ರಾವಣದ ರಾತ್ರಿ ಪಕ್ಕದ ಮನೆಯ ಜಗಲಿಯಲ್ಲಿ ಸಂಧಾನ. ಕೃಷ್ಣ ಮಾಡಿದವರು ನಿವೃತ್ತ ಮಾಸ್ತರೊಬ್ಬರು. ಒಳ್ಳೆಯ ಮಾತುಗಾರರು. ಹೊರಗೆ ಜಡಿಮಳೆ, ಒಳಗೆ ಮಾಸ್ತರ ಮಳೆ. ಒಂದೂಕಾಲು ತಾಸು ವಾದ ಮಾಡಿ, ಅರ್ಧ ರಾಜ್ಯದಿಂದ ಐದು ಗ್ರಾಮಕ್ಕೆ ಇಳಿದು ನಿಲ್ಲಿಸಿದರು. ದೊಡ್ಡಪ್ಪನ ಬಾಯಿ ತುಂಬ ಎಲೆಯಡಕೆಯ ಕವಳ. ದಿನಾ ‘ಕೊಡೆ’ ಅಂದು ಬೇಜಾರು ಬಂದಿತ್ತೋ ಏನೋ, ಆ ದಿನ ವ್ಯಂಗ್ಯವಾಗಿ ಶುರು ಮಾಡುವ ಅಂತ ಮನಸ್ಸಾಯಿತಂತೆ. ‘ಕೊಟ್ಟೆ ಅಂತ ತಿಳಿದೆಯಾ ಕೃಷ್ಣಾ?’ ಅನ್ನಬೇಕಿತ್ತು. ತೊಡೆಗೆ ಪೆಟ್ಟು ಬಿತ್ತು. “ಕೊಟ್ಟೆ!” ಅಂತ ಗುಡುಗು ಬಂತು. ಅಷ್ಟರಲ್ಲಿ ಅಡಕೆಯ ಚೂರು ಗಂಟಲಿಗೆ ಹೋಯಿತು. ಕೆಮ್ಮು, ಕೆಮ್ಮು, ಕಣ್ಣಲ್ಲಿ ನೀರು, ಮತ್ತೆ ಕೆಮ್ಮು.

ಭಾಗವತರ ಕೈಯ ತಾಳ ಅಲ್ಲೇ ನಿಂತಿತು. ಮಾಸ್ತರು ಮಾತ್ರ ಒಂದು ಕ್ಷಣ ಹಾಳು ಮಾಡಲಿಲ್ಲ. “ಧನ್ಯನಾದೆ ಕೌರವೇಶ್ವರಾ! ಈಗಲೇ ಹೋಗಿ ಧರ್ಮರಾಯನಿಗೆ ತಿಳಿಸುತ್ತೇನೆ” ಅಂತ ಶಾಲು ಕೊಡವಿ ಎದ್ದೇಬಿಟ್ಟರು. ಕುರುಕ್ಷೇತ್ರ ರದ್ದು! ಹದಿನೆಂಟು ಅಕ್ಷೋಹಿಣಿ ಸೈನ್ಯ ಮನೆಗೆ ವಾಪಸ್! ಯಲ್ಲಾಪುರದಿಂದ ಬಂದು ಇನ್ನೂ ಬಾಯಿ ಬಿಚ್ಚದೆ ಕೂತಿದ್ದ ಒಬ್ಬ ಅರ್ಥಧಾರಿಯ ಮುಖ ನೋಡುವ ಹಾಗಿರಲಿಲ್ಲ. ದೊಡ್ಡಪ್ಪ ನೀರು ಕುಡಿದು, “ಇಲ್ಲ ಇಲ್ಲ, ಕೊಟ್ಟೆ ಅಂತ ತಿಳಿದೆಯಾ ಅಂತ ಇತ್ತು!” ಅಂತ ಕೂಗುವಾಗ ಒಳಗಿನ ಬಾಗಿಲ ಹತ್ತಿರದಿಂದ ದೊಡ್ಡಮ್ಮನ ದನಿ ಕೇಳಿತು. “ಕೊಟ್ಟದ್ದು ಕೊಟ್ಟದ್ದೇ. ನನ್ನ ಸೀರೆದೂ ಅದರಲ್ಲೇ ಸೇರಿಸಿ.”

ಭಾಗವತರು ನಗು ನುಂಗಿಕೊಂಡು ಮುಂದಿನ ಪದ್ಯ ಎತ್ತಿದ್ದರಿಂದ ಮಹಾಭಾರತ ಉಳಿಯಿತು. ಮುಂದಿನ ಜಾತ್ರೆಗೆ ದೊಡ್ಡಮ್ಮನಿಗೆ ಸೀರೆ ಬಂತು. ಹಸಿರು ಬಣ್ಣದ್ದು, ಕೆಂಪು ಅಂಚು. ಅದಕ್ಕೆ ಅವಳು ಕೊನೆಯವರೆಗೂ ‘ಕೃಷ್ಣ ಕೊಟ್ಟ ಸೀರೆ’ ಅಂತಲೇ ಹೇಳುತ್ತಿದ್ದಳು. ದೊಡ್ಡಪ್ಪ ಮಾತ್ರ ಆಮೇಲೆ ಕವಳ ಉಗಿದೇ ಅರ್ಥಕ್ಕೆ ಕೂರುತ್ತಿದ್ದ.

ಎಲ್ಲಿದ್ದೆ? ಹ್ಞಾ, ಪತ್ರ. ಇಂಗ್ಲಿಷಿನವರಿಗೆ ದೊಡ್ಡಪ್ಪನ ಈ ಅಪಾಯ ಇಲ್ಲ ನೋಡಿ. ಅವರ ‘ನೋ’ ಬಾಗಿಲಲ್ಲೇ ನಿಂತಿರುತ್ತದೆ. ‘ಅಂಡರ್ ನೋ’ ಅಂದು ಎಷ್ಟು ಕೆಮ್ಮಿದರೂ ಬ್ಯಾಟರಿ ಸಿಗುವುದಿಲ್ಲ.

ಆದರೆ ಅವರದ್ದು ಬೇರೆ ಕಡೆ ಜಾರುತ್ತದೆ. ‘ಇನ್ ನೋ ಟೈಮ್ ಹಿ ಕೇಮ್’ ಅಂದರೆ ಆಸಾಮಿ ಚಿಟಿಕೆ ಹೊಡೆಯುವಷ್ಟರಲ್ಲಿ ಬಂದ. ‘ಅಟ್ ನೋ ಟೈಮ್ ಡಿಡ್ ಹಿ ಕಮ್’ ಅಂದರೆ ಬರಲೇ ಇಲ್ಲ. ಕಂಪನಿಯ ಜಾಹೀರಾತಿನಲ್ಲಿ ಇರುವುದು ಮೊದಲನೆಯದು. ನಮ್ಮನೆಗೆ ಬಂದದ್ದು, ಅಂದರೆ ಬಾರದೆ ಇದ್ದದ್ದು, ಎರಡನೆಯದು. ಇನ್ನೂ ಒಂದಿದೆ. ‘ವಿತ್ ನೋ ಡಾಟರ್-ಇನ್-ಲಾ ಶೀ ವುಡ್ ಬಿ ಹ್ಯಾಪಿ’ ಅಂದರೆ ಸೊಸೆ ಇಲ್ಲದಿದ್ದರೆ ಅತ್ತೆ ಸುಖವಾಗಿರುತ್ತಾಳೆ. ‘ಶೀ ವುಡ್’ ಅನ್ನುವುದನ್ನು ‘ವುಡ್ ಶೀ’ ಮಾಡಿ ನೋಡಿ. ಎಂಥ ಸೊಸೆ ಬಂದರೂ ಈ ಅತ್ತೆಗೆ ಸಮಾಧಾನ ಇಲ್ಲ! ಇದನ್ನು ಹೆಂಡತಿಗೆ ಬಹಳ ಖುಷಿಯಿಂದ ವಿವರಿಸಿದೆ. ಅವಳು ಹಿಟ್ಟು ರುಬ್ಬುತ್ತ, “ಎರಡೂ ಒಂದೇ ಅಲ್ದಾ?” ಅಂದಳು. ನಾನು ಮುಂದುವರಿಸಲಿಲ್ಲ.

ಉತ್ತರ ಬರೆಯಲೇಬೇಕು ಅಂತ ಕೂತೆ. ಏಟಿಗೆ ಎದುರೇಟು. “ಸೆಲ್ಡಮ್ ಹ್ಯಾವ್ ಐ ಸೀನ್ ಸಚ್ ಎ ಬ್ಯಾಟರಿ.” ಚೆನ್ನಾಗಿದೆ. “ನಾಟ್ ಓನ್ಲಿ ಡಸ್ ಇಟ್ ರೆಫ್ಯೂಸ್ ಟು ಚಾರ್ಜ್, ಬಟ್ ಇಟ್ ಆಲ್ಸೋ ಲೀಕ್ಸ್.” ಇದೂ ಅಡ್ಡಿಲ್ಲ. “ನಾಟ್ ಎ ರುಪೀ ಮೋರ್ ಶಲ್ ಐ ಪೇ.” ಇದನ್ನು ಬರೆಯುವಾಗ ನನ್ನ ಕೈ ತಾನಾಗಿ ತೊಡೆಯ ಮೇಲೆ ಬಿತ್ತು. ಫೋಟೋ ತೆಗೆದು ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಕಳಿಸಿದೆ. ಅವನು ಫೋನ್ ಮಾಡಿ, “ಚಿಕ್ಕಪ್ಪ, ಈಗ ಹೀಗೆಲ್ಲ ಯಾರೂ ಬರೆಯೋದಿಲ್ಲ. ಆ್ಯಪಿನಲ್ಲಿ ಮೂರು ಬಟನ್ ಇರ್ತದೆ, ಒಂದು ಒತ್ತಿದ್ರೆ ಆಯ್ತು” ಅಂದ. ಬಟನ್ನಂತೆ. ಅವರು ಮಾತ್ರ ನನಗೆ ಚರ್ಚಿಲ್ ಥರ ಬರೆಯಬಹುದು, ನಾನು ಬಟನ್ ಒತ್ತಬೇಕು!

ಪತ್ರ ಇನ್ನೂ ಮೇಜಿನ ಮೇಲೇ ಇದೆ. ಶಿರಸಿಗೆ ಹೋದಾಗ ಅಂಚೆಗೆ ಹಾಕಬೇಕು. ಅದಕ್ಕೆ ಮೊದಲು ಇದನ್ನು ಮುಗಿಸಿಬಿಡುತ್ತೇನೆ. ಆ ರಾತ್ರಿ ಹೊಳೆದ ದೊಡ್ಡ ವಿಷಯ ಅಂದೆನಲ್ಲ, ಅದು ಏನೆಂದರೆ, ಕ್ರಿಯಾಪದ ತನ್ನ ಜಾಗ ಬಿಟ್ಟು ಮುಂದೆ ಓಡಿ ಬರುವುದು ಯಾವಾಗ ಅಂತ ಸರಿಯಾಗಿ ನೋಡಿದರೆ...

“ಹೋತು ಕರೆಂಟು!”

ಅಡುಗೆಮನೆಯಿಂದ. ಹಿಟ್ಟು ಅರ್ಧ ರುಬ್ಬಿದ್ದಾಗಿತ್ತಂತೆ. ಟಾರ್ಚು ಎಲ್ಲಿಟ್ಟಿದ್ದೇನೋ, ಹುಡುಕಬೇಕು.